ಹೂವಿನ ತಲೆನೋವು ಎಂದುಕೊಂಡ ಇಪ್ಪತ್ತು ದಿನ

ನಂಬಬೇಡಿ. ತಾಕತ್ತಿದ್ದರೆ ಕೊನೆಯವರೆಗೂ ನಂಬದೆ ಓದಿ ನೋಡೋಣ. ಕೊಟ್ಟಿಗೆಹಾರದ ಯಾವ ಹೋಟೆಲಿನಲ್ಲಾದರೂ ಕೂತು "ಇದು ರುದ್ರಣ್ಣ ಹೇಳಿದ್ದು" ಎಂದು ಒಂದು ಮಾತು ತೆಗೆಯಿರಿ, ನೀರುದೋಸೆ ಹುಯ್ಯುವವನೂ ಸೌಟು ಕೆಳಗಿಟ್ಟು ನಗುತ್ತಾನೆ. ಚಾರ್ಮಾಡಿ ಘಾಟಿಯ ಮಂಗಗಳಿಗೆ ಸೋಮವಾರ ರಜೆ, ಆದ್ದರಿಂದ ಇವತ್ತು ಒಂದೂ ಕಾಣುವುದಿಲ್ಲ ಎಂದು ಒಂದು ಪ್ರವಾಸಿ ಬಸ್ಸಿನ ಅಷ್ಟೂ ಜನರನ್ನು ನಂಬಿಸಿದವನು ನಾನು. ಅವರಲ್ಲಿ ಇಬ್ಬರು ಮೇಷ್ಟ್ರುಗಳಿದ್ದರು. ಅಂಥ ನಾನು ಈಗ ಹೇಳುತ್ತಿದ್ದೇನೆ: ಕಾಫಿ ಹೂವಿನ ಪರಿಮಳ ನನ್ನ ಕಣ್ಣಿಗೆ ಕುತ್ತು ತಂದಿತು. ಹೂವಿನದ್ದೇನೂ ತಪ್ಪಿಲ್ಲ. ತಪ್ಪು ಯಾರದ್ದು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ನನ್ನ ಕಣ್ಣಿನ ವಿಷಯ ಮೊದಲು ಹೇಳಬೇಕು. ನನಗೆ ಇರುವುದು ಆರೆಕರೆ ತೋಟ. ಆದರೆ ಮೂವತ್ತು ವರ್ಷ ಸುತ್ತಲಿನ ದೊಡ್ಡ ಎಸ್ಟೇಟಿನವರೆಲ್ಲ ಮಾರ್ಚಿ ತಿಂಗಳು ಬಂತೆಂದರೆ ನನಗೆ ಹೇಳಿಕಳಿಸುತ್ತಿದ್ದರು. ಅರೇಬಿಕಾ ಕಾಫಿ ಗಿಡದ ಕಾಂಡದೊಳಗೆ ಒಂದು ಹುಳ ಸೇರಿಕೊಳ್ಳುತ್ತದೆ, ನಾವು ಬೋರರ್ ಎನ್ನುತ್ತೇವೆ. ಒಳಗೊಳಗೇ ಕೊರೆಯುತ್ತದೆ, ಹೊರಗೆ ಗಿಡ ಹಸಿರಾಗಿಯೇ ನಿಂತಿರುತ್ತದೆ. ತೊಗಟೆಯ ಮೇಲೆ ಸಣ್ಣದೊಂದು ಉಬ್ಬು ಏಳುತ್ತದಲ್ಲ, ಅದೊಂದೇ ಗುರುತು. ಆ ಉಬ್ಬನ್ನು ಬೇರೆಯವರು ಮಂಡಿಯೂರಿ ಕೂತು, ಕಾಂಡ ಉಜ್ಜಿ ಹುಡುಕುತ್ತಾರೆ. ನಾನು ದಾರಿಯ ಮೇಲೆ ನಿಂತು, "ಆ ಸಾಲಲ್ಲಿ ಏಳನೇದು ಕೀಳಿ" ಎನ್ನುತ್ತಿದ್ದೆ. ಕಿತ್ತು ಸೀಳಿದರೆ ಒಳಗೆ ಹುಳ. ಒಬ್ಬ ಮೇಸ್ತ್ರಿ ನಾನೇ ಮೊದಲು ಬಂದು ಹುಳ ಇಟ್ಟು ಹೋಗುತ್ತೇನೆ ಎಂದು ಸುದ್ದಿ ಹಬ್ಬಿಸಿದ್ದ. ಅದನ್ನು ಬಿರುದು ಎಂದೇ ತೆಗೆದುಕೊಂಡೆ.

ಅಂಥ ಕಣ್ಣಿನವನಿಗೆ ಅರವತ್ತೊಂಬತ್ತನೆಯ ವರ್ಷದಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ಭುಜ ಹಿಡಿದುಕೊಂಡಿತು. ಬೆಳಿಗ್ಗೆ ಎದ್ದರೆ ಎರಡು ಕೈಯೂ ಎದೆಮಟ್ಟದಿಂದ ಮೇಲೆ ಬರುತ್ತಿರಲಿಲ್ಲ. ನನ್ನ ಹೆಂಡತಿ ಶಾರದೆ ಮಗುವಿಗೆ ತೊಡಿಸುವಂತೆ ಬನಿಯನ್ ತೊಡಿಸುತ್ತಿದ್ದಳು. "ರಾಜರಿಗೆ ಹೀಗೇ ಕಣೇ ಮಾಡ್ತಿದ್ದಿದ್ದು" ಎಂದರೆ, "ರಾಜರು ಬೆವರು ನಾತ ಹೊಡೀತಿರ್ಲಿಲ್ಲ, ಸುಮ್ನೆ ನಿಂತ್ಕಳಿ" ಎನ್ನುತ್ತಿದ್ದಳು. ಆಮೇಲೆ ಕಿವಿಗೂ ಹಣೆಗೂ ನಡುವೆ ನೋವು. ರೊಟ್ಟಿ ಅಗಿಯುವಾಗ ದವಡೆ ಅರ್ಧಕ್ಕೇ ಸೋತು ನಿಲ್ಲುತ್ತಿತ್ತು. ಮೂಡಿಗೆರೆಯಲ್ಲಿ ತೋರಿಸಿದೆವು, ಅವರು ಘಾಟಿ ಇಳಿದು ಮಂಗಳೂರಿಗೆ ಹೋಗಿ ಎಂದರು. ಅಲ್ಲಿ ಎಡ ಹಣೆಯ ಪಕ್ಕ ಒಂದು ಚೂರು ಕುಯ್ದು ಪರೀಕ್ಷೆಗೆ ಕಳಿಸಿದರು. ಕಾಯಿಲೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು. ಅರ್ಥ ಇಷ್ಟೇ: ತಲೆಯ ರಕ್ತನಾಳ ಊದಿಕೊಂಡಿದೆ, ಹಾಗೇ ಬಿಟ್ಟರೆ ಕಣ್ಣಿಗೆ ಹೋಗುವ ರಕ್ತ ನಿಲ್ಲಬಹುದು. ಒಳಗೆ ಹುಳ, ಹೊರಗೆ ಹಸಿರು. ನನಗೆ ವಿವರಿಸುವ ಅಗತ್ಯವೇ ಇರಲಿಲ್ಲ.

ಡಾಕ್ಟರು ನಮ್ಮ ಮಗಳ ವಯಸ್ಸಿನವರು. ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟು, ಪೆನ್ನು ಕೆಳಗಿಟ್ಟು, ನನ್ನನ್ನಲ್ಲ, ಶಾರದೆಯನ್ನು ನೋಡಿ ಹೇಳಿದರು: "ಅಮ್ಮಾ, ಮಾತ್ರೆ ಕಡಿಮೆ ಮಾಡ್ತಾ ಹೋಗುವಾಗ ಇದು ವಾಪಸ್ ಬರ್ಬಹುದು. ತಲೆನೋವು ಬಂದ್ರೆ, ದವಡೆ ನೋವು ಬಂದ್ರೆ, ಕಣ್ಣು ಮಂಜಾದ್ರೆ ಅದೇ ದಿನ ಫೋನ್ ಮಾಡ್ಬೇಕು. ಮರುದಿನ ಅಲ್ಲ, ಆಯ್ತಾ?"

"ಇವರು ಹೇಳಿದ್ರೆ ತಾನೇ ಮೇಡಂ ನಂಗೆ ಗೊತ್ತಾಗದು" ಎಂದಳು ಶಾರದೆ.

ದಿನಕ್ಕೆ ಅರವತ್ತು ಮಿಲಿಗ್ರಾಂ. ಎರಡೇ ದಿನದಲ್ಲಿ ಕೈ ಮೇಲೆ ಬಂತು. ಮೂರನೆಯ ದಿನ ಅಟ್ಟದ ಮೇಲಿಂದ ಕಾಳುಮೆಣಸಿನ ಚೀಲ ನಾನೇ ಇಳಿಸಿದೆ. ನನ್ನಂಥ ರೋಗಿಯನ್ನು ಆ ಆಸ್ಪತ್ರೆ ಕಂಡಿರಲಿಕ್ಕಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಅದರ ಇನ್ನೊಂದು ಮುಖ ಗೊತ್ತಾಯಿತು. ನಿದ್ದೆ ಹೋಯಿತು. ಸಕ್ಕರೆ ಕಾಯಿಲೆ ಬಂತು. ಮುಖ ಊದಿ ಗುಂಡಗಾಯಿತು. ಕೈ ಎಲ್ಲಿ ತಾಗಿದರೂ ಚರ್ಮ ಕಪ್ಪಗೆ ಕಂದುತ್ತಿತ್ತು. ಬಾಯಿ ನಿಲ್ಲುತ್ತಿರಲಿಲ್ಲ. ನನ್ನ ಬಾಯಿ ಮೊದಲೂ ನಿಲ್ಲುತ್ತಿರಲಿಲ್ಲ, ಆದರೆ ಈಗ ಅದರಲ್ಲಿ ತಮಾಷೆ ಇರಲಿಲ್ಲ. ಒಂದು ದಿನ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಶಾರದೆಯ ಕಡೆಗೆ ತಟ್ಟೆ ಎಸೆದೆ. ಮದುವೆಯಾಗಿ ನಲವತ್ತನಾಲ್ಕು ವರ್ಷದಲ್ಲಿ ಅವಳ ಮೇಲೆ ಎತ್ತಿದ ಕೈಯಲ್ಲ ಅದು. ಅವಳು ಅಗುಳು ಗುಡಿಸಿ, ತಟ್ಟೆ ತೊಳೆದಿಟ್ಟು, ಹಿತ್ತಲ ಕಲ್ಲಿನ ಮೇಲೆ ಹೋಗಿ ಕೂತಳು. ನಾನು ಬಾಗಿಲಿಗೆ ಹೋದಾಗ ತಿರುಗಿ ನೋಡಿದಳು. ಅದು ಕೋಪದ ನೋಟವಲ್ಲ. ಪರಿಚಯವಿಲ್ಲದ ಗಂಡಸು ಬಾಗಿಲಲ್ಲಿ ನಿಂತರೆ ನೋಡುವ ನೋಟ.

ಇದನ್ನು ನೆನಪಿಡಿ. ಮುಂದೆ ನಾನು ಮಾಡಿದ ಮಂಗಾಟಕ್ಕೆ ಕಾರಣ ಈ ನೋಟವೇ. ಮತ್ತೆ ಅರವತ್ತಕ್ಕೆ ಹೋಗುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದೆ.

ಮಾತ್ರೆ ಇಳಿಸುವ ಚೀಟಿಯನ್ನು ಶಾರದೆ ಬೀರುವಿನ ಬಾಗಿಲ ಒಳಗೆ ಅಂಟಿಸಿದಳು. ಐವತ್ತು, ನಲವತ್ತು, ಮೂವತ್ತು. ಒಂದೊಂದು ಮೆಟ್ಟಿಲು ಇಳಿದಾಗಲೂ ಮೈಯೆಲ್ಲ ಹಿಂಡಿದ ಬಟ್ಟೆಯಂತಾಗಿ, ನಾಲ್ಕೈದು ದಿನದಲ್ಲಿ ಸರಿಹೋಗುತ್ತಿತ್ತು. ತಿಂಗಳಿಗೊಮ್ಮೆ ಮಂಗಳೂರು. ಅಲ್ಲಿ ಡಾಕ್ಟರ ಕೋಣೆಯ ಹೊರಗೆ ಕಾಯುವವರಿಗೆ ಹೆಸರಿಲ್ಲ, ಊರಿಲ್ಲ. ಎಲ್ಲರ ಮುಖವೂ ನನ್ನ ಹಾಗೆಯೇ ಗುಂಡಗೆ. ನೋಡಿದವರು ಒಂದೇ ಅಮ್ಮನ ಮಕ್ಕಳು ಎನ್ನಬೇಕು. ಕೇಳುವ ಪ್ರಶ್ನೆಯೂ ಒಂದೇ.

"ಅಣ್ಣಾ, ನಿಮ್ದೆಷ್ಟು?"

ಮೊದಲ ಸಲ ಹಾಗೆ ಕೇಳಿದವಳು ನಾಗವೇಣಿ. ಹೊರನಾಡಿನಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡ ಹೆಂಗಸು. ಕೀಲುಗಳ ಕಾಯಿಲೆ, ಹದಿನೈದು ವರ್ಷದ್ದು. ಬೆರಳುಗಳು ಶುಂಠಿಯ ಬೇರಿನಂತೆ ಸೊಟ್ಟಗಾಗಿದ್ದವು.

"ಎಪ್ಪತ್ತು ನಡೀತಿದೆ" ಎಂದೆ.

"ವಯಸ್ಸಲ್ಲಣ್ಣ. ಮಿಲಿಗ್ರಾಂ."

"ಓ, ಅದಾ! ಹನ್ನೆರಡೂವರೆ. ನಿಂದು?"

"ಇಪ್ಪತ್ತು. ಹೋದ ತಿಂಗ್ಳು ಹತ್ತಕ್ಕೆ ಇಳ್ದಿದ್ದೆ, ಮತ್ತೆ ಹತ್ತಿಸಿದ್ರು."

"ಸೋತೆ ಹಂಗಾದ್ರೆ."

ಅವಳು ನಕ್ಕಳು, ಆದರೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಇದೆಂಥ ಓಟದ ಪಂದ್ಯವಾ ಅಣ್ಣಾ?" ಎಂದಳು.

ನನಗೆ ಅದು ಪಂದ್ಯವೇ ಆಗಿತ್ತು. ಪಕ್ಕದ ತೋಟದ ಮಂಜಪ್ಪನ ಜೊತೆ ಬಾಜಿ ಕಟ್ಟಿದ್ದೆ. ಮಂಜಪ್ಪ ನನ್ನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು. ನಲವತ್ತೆಕರೆ, ಒಂದು ಜೀಪು, ಮತ್ತು ಜಿಲ್ಲೆಯಲ್ಲೇ ಇಲ್ಲದಂಥ ಒಂದು ಮೀಸೆ. ಮುಂಗಾರು ಹಿಡಿಯುವುದರೊಳಗೆ ನಾನು ಮಾತ್ರೆ ಸೊನ್ನೆಗೆ ಇಳಿಸಿದರೆ ಅವನು ಮೀಸೆ ಬೋಳಿಸಬೇಕು. ಇಳಿಸದಿದ್ದರೆ ನಾನು ಒಂದು ವರ್ಷ ಒಂದೂ ಸುಳ್ಳು ಹೇಳಬಾರದು. ನನ್ನ ಹೆಂಡತಿ ಮಂಜಪ್ಪನ ಪರವಾಗಿ ನಿಂತಳು.

ಮಾರ್ಚಿಯಲ್ಲಿ ನಾನು ಏಳೂವರೆಗೆ ಇಳಿದೆ. ಅದೇ ವಾರ ಹೂ ಮಳೆ ಬಿತ್ತು.

ಕಾಫಿ ಸೀಮೆಯವರಲ್ಲದವರಿಗೆ ಒಂದು ಮಾತು. ಬೇಸಿಗೆಯ ಆ ಒಂದು ಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಪರಿಮಳ ಅಂದರೆ ಮೂಗಿಗೆ ಬರುವ ಪರಿಮಳವಲ್ಲ, ತಲೆಗೆ ಹೊಡೆಯುವ ಪರಿಮಳ. ಮನೆಯೊಳಗೆ, ಹಾಸಿಗೆಯೊಳಗೆ, ಅನ್ನದೊಳಗೆ ಅದೇ. ಆ ಮೂರು ನಾಲ್ಕು ದಿನ ನಮ್ಮ ಕಡೆ ಅರ್ಧ ಜನರಿಗೆ ತಲೆನೋವು. ಯಾರೂ ಔಷಧಿ ಮಾಡುವುದಿಲ್ಲ. "ಹೂವಿಂದು" ಎನ್ನುತ್ತಾರೆ, ಹಣೆಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾರೆ.

ಮಂಜಪ್ಪನ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನೀರು, ಮಳೆ ಕಾಯುವ ಹಂಗಿಲ್ಲ. ಅದು ಮೊದಲೇ ಅರಳಿತು. ನನಗೆ ತಲೆನೋವು ಶುರುವಾಯಿತು. ಅದೇ ಜಾಗ, ಕಿವಿಗೂ ಹಣೆಗೂ ನಡುವೆ.

"ತಲೆ ನೋಯ್ತಿದ್ಯನ್ರೀ?" ಎಂದಳು ಶಾರದೆ, ನಾನು ಹುಬ್ಬು ಒತ್ತಿಕೊಳ್ಳುವುದನ್ನು ನೋಡಿ.

"ನಿಂಗಿಲ್ವಾ?"

"ನಂಗೂ ಇದೆ."

"ಮತ್ತೆ? ನಿಂಗೂ ಮಂಗ್ಳೂರಲ್ಲಿ ತೋರ್ಸದಾ? ಹೂವಿಂದು ಕಣೇ ಮಾರಾಯ್ತಿ."

ನಾಲ್ಕು ದಿನಕ್ಕೆ ರೋಬಸ್ಟಾ ಹೂವು ಕಂದಿತು. ಅವಳ ತಲೆನೋವು ಹೋಯಿತು, ನನ್ನದು ಹೋಗಲಿಲ್ಲ. ಆದರೆ ಅಷ್ಟರಲ್ಲಿ ನಮ್ಮ ಅರೇಬಿಕಾ ಅರಳಿತ್ತು. ಅದು ಕಂದುವ ಹೊತ್ತಿಗೆ, ಮಳೆ ತಡವಾಗಿ ಬಿದ್ದಿದ್ದ ಮೇಲಿನ ಗುಡ್ಡದ ಎಸ್ಟೇಟು ಅರಳಿತು. ನಮ್ಮಲ್ಲಿ ಮಳೆ ಒಂದೇ ದಿನ ಎಲ್ಲ ಕಡೆ ಬೀಳುವುದಿಲ್ಲ. ಹಾಗಾಗಿ ಗಾಳಿ ಯಾವ ಕಡೆಯಿಂದ ಬೀಸಿದರೂ ನನಗೆ ಒಂದು ಹೂವು ಸಿಗುತ್ತಿತ್ತು. ಬೇರೆ ಊರಿನವನಾಗಿದ್ದರೆ ಮೂರನೆಯ ದಿನಕ್ಕೆ ನೆಪ ಮುಗಿಯುತ್ತಿತ್ತು. ನಾನು ಇಪ್ಪತ್ತು ದಿನ ಎಳೆದೆ.

ನೋವು ಅಂದರೆ ಎಂಥ ನೋವು ಎಂದು ಕೇಳಬೇಡಿ. ತಲೆ ಬಾಚಿದರೆ ಕೂದಲ ಬುಡಕ್ಕೆ ಬೆಂಕಿ ಸೋಕಿದಂತೆ. ದಿಂಬಿಗೆ ಎಡಗಡೆ ಇಡಲಾಗುತ್ತಿರಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತು ಹಣೆಗೆ ವಿಭೂತಿ ಎಳೆಯುವಾಗ ಬೆರಳು ಹಣೆಯ ಅಂಚಿಗೆ ಹೋದರೆ ಕಣ್ಣಲ್ಲಿ ನೀರು. ನಡುವೆ ಮಾತ್ರ ಒಂದಿಷ್ಟು ಹಚ್ಚಿಕೊಂಡು ಏಳುತ್ತಿದ್ದೆ. ರೊಟ್ಟಿಯನ್ನು ಕಾಫಿಗೆ ಅದ್ದಿ ನುಂಗುತ್ತಿದ್ದೆ. "ಇದೇನ್ರಿ ಹೊಸ ಅಭ್ಯಾಸ?" ಎಂದರೆ, "ಮಂಗ್ಳೂರಲ್ಲಿ ದೊಡ್ಡ ಜನ ಎಲ್ಲ ಹಿಂಗೇ ತಿನ್ನದು" ಎಂದೆ.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತೊಗಟೆಯ ಮೇಲಿನ ಉಬ್ಬು ನೋಡಿ ಒಳಗಿನ ಹುಳ ಹೇಳುವವನಿಗೆ ತನ್ನ ದವಡೆಯ ಸುದ್ದಿ ಗೊತ್ತಾಗದೇ? ರೋಗಕ್ಕಿಂತ ಅರವತ್ತು ಮಿಲಿಗ್ರಾಂ ಹೆಚ್ಚು ಹೆದರಿಸುತ್ತಿತ್ತು. ಹೇಳಿದ ಕೂಡಲೇ ಮತ್ತೆ ಅಲ್ಲಿಗೇ ಕಳಿಸುತ್ತಾರೆ. ಮತ್ತೆ ತಟ್ಟೆ, ಮತ್ತೆ ಹಿತ್ತಲ ಕಲ್ಲಿನ ಮೇಲೆ ಶಾರದೆ. ಅದಕ್ಕಿಂತ ಹೂವೇ ಇರಲಿ ಎಂದುಕೊಂಡೆ.

ಆ ತಿಂಗಳ ತಪಾಸಣೆಯ ದಿನ ಬಂತು. ಹೋದರೆ ರಕ್ತ ತೆಗೆಯುತ್ತಾರೆ, ರಕ್ತ ನನ್ನ ಹಾಗೆ ಸುಳ್ಳು ಹೇಳುವುದಿಲ್ಲ. ತೋಟಕ್ಕೆ ಹೋಗಿ, ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. "ಮೇಡಂ, ಚಾರ್ಮಾಡಿಯಲ್ಲಿ ಗುಡ್ಡ ಕುಸಿದಿದೆ. ಘಾಟಿ ಬಂದ್. ಮುಂದಿನ ತಿಂಗ್ಳೇ ಬರ್ತೀನಿ."

"ಓ ಹೌದಾ? ತಲೆನೋವು ಎಂತ ಇಲ್ಲ ಅಲ್ವಾ?"

"ಎಂಥದೂ ಇಲ್ಲ. ನಿಮ್ಮ ಮಾತ್ರೆ ಅಂದ್ರೆ ಸುಮ್ನೆಯಾ?"

ಗುಡ್ಡ ಕುಸಿಯುವುದು ಜುಲೈ ಆಗಸ್ಟಿನಲ್ಲಿ. ಆ ಬಿಸಿಲಿನಲ್ಲಿ ಘಾಟಿಯಲ್ಲಿ ಕುಸಿಯಲು ಒದ್ದೆ ಮಣ್ಣೇ ಇರಲಿಲ್ಲ. ಸಮುದ್ರದ ಕಡೆಯ ಡಾಕ್ಟರು ನಂಬಿದರು. ಮನೆಯಲ್ಲಿ, "ಡಾಕ್ಟ್ರೇ ಮುಂದಿನ ತಿಂಗ್ಳು ಬನ್ನಿ ಅಂದ್ರು" ಎಂದೆ. ಒಂದೇ ಕಲ್ಲಿಗೆ ಇಬ್ಬರನ್ನು ಬೀಳಿಸಿದೆ ಎಂದು ಸಂಜೆಯವರೆಗೂ ಒಳಗೊಳಗೇ ಬೀಗಿದೆ. ನನ್ನ ಜೀವಮಾನದ ಅತ್ಯಂತ ಚೊಕ್ಕ ಸುಳ್ಳು ಅದು.

ಹತ್ತೊಂಬತ್ತನೆಯ ದಿನ ಮಂಜಪ್ಪನ ಅರೇಬಿಕಾದಲ್ಲಿ ಬೋರರ್ ನೋಡುತ್ತಿದ್ದೆವು. ನಾನು ದಾರಿಯ ಮೇಲೆ ನಿಂತು ಕೈ ಚಾಚಿದೆ. "ಆ ಸಾಲು, ಐದನೇದು." ಹೇಳುತ್ತಿದ್ದ ಹಾಗೇ ಎಡಗಣ್ಣಿನಲ್ಲಿ ಮೇಲಿನಿಂದ ಬೂದು ಬಣ್ಣದ ಪರದೆಯೊಂದು ಇಳಿಯಿತು. ನೆರಳು ಮರಗಳು ಹೋದವು, ಗಿಡದ ತುದಿಗಳು ಹೋದವು. ನೆಲದ ತರಗೆಲೆ ಮಾತ್ರ ಉಳಿಯಿತು.

"ಐದನೇದ್ರಲ್ಲಿ ಎಂಥದೂ ಇಲ್ಲ ಮಾರಾಯ" ಎಂದ ಮಂಜಪ್ಪ, ಕಾಂಡ ಉಜ್ಜಿ ನೋಡಿ. "ರುದ್ರಾ, ನಿಂದು ಮುಗೀತು!"

"ನಿನ್ ಮೀಸೆ ಅಡ್ಡ ಬಂತು" ಎಂದೆ. ಹತ್ತು ನಿಮಿಷದಲ್ಲಿ ಪರದೆ ಎದ್ದಿತು. ನಾನು ಯಾರಿಗೂ ಹೇಳಲಿಲ್ಲ. ಈ ಕಥೆಯಲ್ಲಿ ನನ್ನನ್ನು ಒಂದೇ ಒಂದು ಕಡೆ ಹಿಡಿದು ಹೊಡೆಯಬಹುದಾದರೆ, ಇಲ್ಲಿ ಹೊಡೆಯಿರಿ. ಅವತ್ತು ಮಧ್ಯಾಹ್ನ ಹೊರಟಿದ್ದರೆ ಸಂಜೆಗೆ ಆಸ್ಪತ್ರೆಯಲ್ಲಿರುತ್ತಿದ್ದೆ.

ಮರುದಿನ ಬೆಳಿಗ್ಗೆ ಎದ್ದು ಜಗುಲಿಗೆ ಬಂದೆ. ಎಡಗಡೆ ಏನೂ ಇರಲಿಲ್ಲ. ಕಪ್ಪೂ ಅಲ್ಲ. ಬೆನ್ನ ಹಿಂದೆ ಏನು ಕಾಣುತ್ತದೆ ಹೇಳಿ? ಹಾಗೆ.

"ಶಾರದಾ" ಎಂದೆ. "ಎಡಗಣ್ಣು ಕಾಣ್ತಿಲ್ಲ ಕಣೇ."

ಅವಳು ಒಳಗಿನಿಂದ ಬರಲೂ ಇಲ್ಲ. "ಹೋದ ಯುಗಾದಿಗೆ ಎರಡೂ ಕಾಣ್ತಿಲ್ಲ ಅಂತ ನನ್ ಕೈಲಿ ಹೋಳಿಗೆ ತಿನ್ನಿಸ್ಕಂಡ್ರಲ್ಲ, ಈ ಸಲ ಒಂದೇನಾ? ಹೋಗಿ, ನಂಗೆ ಒಲೆ ಮೇಲೆ ಹಾಲಿದೆ."

ನಾನು ಇನ್ನೊಂದು ಮಾತು ಆಡಲಿಲ್ಲ. ಅದೇ ಅವಳಿಗೆ ಅನುಮಾನ ತರಿಸಿರಬೇಕು. ಸುಳ್ಳು ಹೇಳುವಾಗ ನಾನು ಇಷ್ಟು ಬೇಗ ಬಿಡುವವನಲ್ಲ. ಸ್ವಲ್ಪ ಹೊತ್ತಿಗೆ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಅವಳು ಯಾವಾಗ ಬಂದು ನನ್ನ ಎಡಕ್ಕೆ ನಿಂತಳೋ ಗೊತ್ತಿಲ್ಲ. ಆಮೇಲೆ ಹೇಳಿದಳು: ಸೌಟನ್ನು ನನ್ನ ಕಣ್ಣಿಗೆ ತಾಗುವಷ್ಟು ಹತ್ತಿರ ಬೀಸಿದಳಂತೆ. ನಾನು ರೆಪ್ಪೆ ಮಿಟುಕಿಸಲಿಲ್ಲ. ನನಗೆ ಕೇಳಿಸಿದ್ದು ಅವಳು ಒಳಗೆಳೆದುಕೊಂಡ ಉಸಿರು ಮಾತ್ರ. ಆಮೇಲೆ ಅಂಗಳದಿಂದ ಅವಳ ಕೂಗು. ಮಂಜಪ್ಪನ ಹೆಸರು ಹಿಡಿದು. ಅವನನ್ನು ಅವಳು ಯಾವತ್ತೂ ಹೆಸರು ಹಿಡಿದು ಕರೆದವಳಲ್ಲ.

ಜೀಪಿನಲ್ಲಿ ಮುಂದೆ ನಾನು, ಹಿಂದೆ ಅವಳು. ಘಾಟಿಯ ಕಟ್ಟೆಯ ಮೇಲೆ ಮಂಗಗಳು ಸಾಲಾಗಿ ಕೂತಿದ್ದವು. ಅವತ್ತು ಸೋಮವಾರ. ಒಂದಕ್ಕೂ ರಜೆ ಇರಲಿಲ್ಲ. ತಿರುವಿನಲ್ಲಿ ಮಂಜಪ್ಪ ಕೇಳಿದ, "ಬಲಗಣ್ಣು?"

"ಕಾಣ್ತಿದೆ."

"ಹೆಂಗೆ ನಂಬದು ನಿನ್ನ? ಆ ಬೋರ್ಡು ಓದು."

"ಅಪಾಯಕರ ತಿರುವು, ನಿಧಾನವಾಗಿ ಚಲಿಸಿ."

"ಓದ್ತಾ ಇರು ಮಾರಾಯ. ನಿಲ್ಲಿಸ್ಬೇಡ."

ನಾನು ಓದಿದೆ. ಕಿಲೋಮೀಟರ್ ಕಲ್ಲು, ಸಿಮೆಂಟಿನ ಜಾಹೀರಾತು, ಉಜಿರೆಯ ಬೇಕರಿ, ಮದುವೆ ಛತ್ರ, ಟಯರ್ ಅಂಗಡಿ, ಲಾರಿಗಳ ಬೆನ್ನ ಮೇಲಿನ ದೇವರ ಹೆಸರು. ಬೆಳ್ತಂಗಡಿ ದಾಟಿದ ಮೇಲೆ ಒಂದು ಬೋರ್ಡಿನ ಅಕ್ಷರ ಅಲುಗಿದಂತಾಯಿತು. ನಾನು ಸುಮ್ಮನಾದೆ. ಮಂಜಪ್ಪ ಹೇಳಿದ, "ಮೀಸೆ ಇವತ್ತೇ ಬೋಳಿಸ್ತೀನಿ ಕಣಾ. ನೀನು ಓದು." ಆಮೇಲೆ ಗೊತ್ತಾಯಿತು, ನನ್ನ ಕಣ್ಣಲ್ಲಿ ನೀರು ತುಂಬಿತ್ತು, ಅಷ್ಟೇ. ಒರೆಸಿಕೊಂಡು ಓದಿದೆ: "ಇಲ್ಲಿ ತಾಜಾ ಮೀನು ದೊರೆಯುತ್ತದೆ." ನಾವು ಮೂವರೂ ಮೀನು ಮುಟ್ಟದವರು. ಆದರೆ ಅಷ್ಟು ಸಂತೋಷ ಕೊಟ್ಟ ಬೋರ್ಡು ಬೇರೊಂದಿಲ್ಲ.

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಿದ್ದವರು, ನೋಡುತ್ತಲೇ ಕೇಳಿದರು: "ಘಾಟಿ ಯಾವಾಗ ಓಪನ್ ಆದದ್ದು?"

"ಯಾವ ಘಾಟಿ?" ಎಂದಳು ಶಾರದೆ.

ಡಾಕ್ಟರು ಟಾರ್ಚ್ ಆರಿಸಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಏನಾದರೊಂದು ತಿರುಗಿ ಹೇಳುತ್ತಿದ್ದೆ. ಅವರು, "ಹೋದದ್ದು ವಾಪಸ್ ಬರುವ ಛಾನ್ಸ್ ತುಂಬಾ ಕಡಿಮೆ. ಇನ್ನೊಂದನ್ನು ಉಳಿಸ್ಲಿಕ್ಕೆ ನೋಡುವ" ಎಂದು ನರ್ಸನ್ನು ಕರೆದರು. ಶಾರದೆ ನನ್ನ ಹಣೆಯನ್ನೇ ನೋಡುತ್ತಿದ್ದಳು. "ವಿಭೂತಿ ಅಂಚಿಗೆ ಹೋಗ್ತಿರ್ಲಿಲ್ಲ" ಎಂದಳು, ನನಗಲ್ಲ, ಗೋಡೆಗೆ. "ಇಪ್ಪತ್ತು ದಿನದಿಂದ ನೋಡ್ತಿದೀನಿ, ಅವಸರ ಅಂದ್ಕಂಡೆ." ಅದಾದ ಮೇಲೆ ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಮಾತ್ರೆ ಕೈಗಿಡುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಸ್ಟೀರಾಯ್ಡನ್ನು ಮಾತ್ರೆಯಲ್ಲಲ್ಲ, ಡ್ರಿಪ್ಪಿನಲ್ಲಿ ಹಾಕಿದರು, ಮೂರು ದಿನ. ಅದೇ ಕೋಣೆಗೆ ಎರಡನೆಯ ದಿನ ನಾಗವೇಣಿ ಬಂದಳು, ತನ್ನ ತಿಂಗಳ ಇಂಜೆಕ್ಷನ್ನಿಗೆ. ಪಕ್ಕದ ಕುರ್ಚಿಯಲ್ಲಿ ಕೂತು ಬಾಟಲಿ ನೋಡಿದಳು.

"ಎಷ್ಟಣ್ಣ?"

"ಸಾವಿರ" ಎಂದೆ. "ಇಡೀ ವಾರ್ಡಿಗೆ ನಾನೇ ದೊಡ್ಡವನು."

ಅವಳು ನಗಲಿಲ್ಲ. ಸೊಟ್ಟ ಬೆರಳುಗಳಿಂದ ನನ್ನ ಕಂಬಳಿ ಸರಿಮಾಡಿದಳು. "ನಾನು ನಾಲ್ಕು ಸಲ ಮೇಲೆ ಹೋಗಿ ಕೆಳಗೆ ಬಂದೆ ಅಣ್ಣಾ. ಮೊದಲ್ನೇ ಸಲ ನಾನೂ ಮುಚ್ಚಿಟ್ಟೆ. ಆಗ ಹೋಗಿದ್ದು ಈ ಬೆರಳು. ಅವತ್ತು ನೀವು ಪಂದ್ಯದ ಮಾತಾಡ್ದಾಗ್ಲೇ ನಿಮ್ಮ ಮನೆಯವ್ರಿಗೆ ಹೇಳ್ಬೇಕಿತ್ತು. ಸಂಕೋಚ ಆಯ್ತು."

ಹೀಗೆ ನನ್ನ ಒಂದು ಸುಳ್ಳಿಗೆ ಮೂರು ಜನ ತಮ್ಮನ್ನೇ ಬೈದುಕೊಂಡರು. ಶಾರದೆ ವಿಭೂತಿಗಾಗಿ, ನಾಗವೇಣಿ ಸಂಕೋಚಕ್ಕಾಗಿ, ಮಂಜಪ್ಪ ಬಾಜಿಗಾಗಿ. ಅವನು ಆಸ್ಪತ್ರೆಯ ಎದುರಿನ ಸಲೂನಿಗೆ ಹೋಗಿ ನಿಜಕ್ಕೂ ಮೀಸೆ ಬೋಳಿಸಿಕೊಂಡು ಬಂದಿದ್ದ. ಮೇಲ್ದುಟಿ ಎಳೆಗರುವಿನದರಂತೆ ಬೆಳ್ಳಗೆ ನಡುಗುತ್ತಿತ್ತು. ಐವತ್ತು ವರ್ಷದಿಂದ ಆ ದಿನಕ್ಕಾಗಿ ಕಾದವನು ನಾನು. ಸರಿದು ಮಂಚದ ಮೇಲೆ ಅವನಿಗೆ ಜಾಗ ಮಾಡಿಕೊಟ್ಟೆ.

ಮೂರನೆಯ ದಿನ ಮಧ್ಯಾಹ್ನ ಶಾರದೆ ನನ್ನ ಮಂಚದ ಎಡಕ್ಕೆ, ಕಿಟಕಿಯ ಕಡೆ ಕೂತಿದ್ದಳು. ಅಳುತ್ತಿದ್ದಳು, ಶಬ್ದ ಕೇಳಿಸದಂತೆ. ಬಲಗಣ್ಣು ಮುಚ್ಚಿಕೊಂಡು ಅತ್ತ ತಿರುಗಿದೆ. ಎಡಗಣ್ಣಿನಲ್ಲಿ ಬೆಳ್ಳಗೆ ಏನೋ ಒಂದು ತೇಲಿತು. ಕಾಫಿ ಹೂವಿನ ಗೊಂಚಲಿನಷ್ಟು. ಕಿಟಕಿಯ ಬೆಳಕು.

"ಬೆಳಕು ಕಾಣ್ತಿದೆ ಕಣೇ" ಎಂದೆ.

"ಸುಳ್ಳು ಹೇಳ್ಬೇಡಿ."

"ನಿನ್ನಾಣೆ. ಬೆಳ್ಳಗೆ. ನೀನು ಅದಕ್ಕೆ ಅಡ್ಡ ಕೂತಿದೀಯ."

ಎರಡು ದಿನದ ಮಾತೆಲ್ಲ ಒಟ್ಟಿಗೆ ಬಂತು. ಬೈದಳು, ತೋಳಿಗೆ ಗುದ್ದಿದಳು, ಡ್ರಿಪ್ಪಿನ ನಳಿಗೆ ಕಿತ್ತು ಬರುವಷ್ಟು ಗಟ್ಟಿಯಾಗಿ ತಬ್ಬಿಕೊಂಡಳು. ಮನೆಗೆ ಬಂದ ವಾರವೇ ಹೊರನಾಡಿಗೆ ಹೋಗಿ ದೇವಿಗೆ ಅಕ್ಕಿ ಒಪ್ಪಿಸಿ, ನಾಗವೇಣಿಯ ಅಂಗಡಿಯಲ್ಲಿ ಕೂತು ಮಾತಾಡಿ ಬಂದಳು.

ಬಲಗಣ್ಣು ಉಳಿಯಿತು. ಮತ್ತೆ ಅರವತ್ತರಿಂದ ಶುರು. ಮತ್ತೆ ನಿದ್ದೆ ಹೋಯಿತು, ಮುಖ ಊದಿತು, ಸಿಟ್ಟು ಬಂತು. ಆದರೆ ಈ ಸಲ ಸಿಟ್ಟು ಬರುವ ಮೊದಲೇ ಹೇಳುವುದನ್ನು ಕಲಿತೆ. "ಬರ್ತಿದೆ ಕಣೇ" ಎಂದರೆ ಅವಳು ತಟ್ಟೆ ತೆಗೆದಿಟ್ಟು ನನ್ನನ್ನು ತೋಟಕ್ಕೆ ಅಟ್ಟುತ್ತಾಳೆ. ತೋಟದಲ್ಲಿ ಎಡಗಡೆಯ ರೆಂಬೆಗಳು ಹೇಳದೆ ಕೇಳದೆ ಬಂದು ಮುಖಕ್ಕೆ ಹೊಡೆಯುತ್ತವೆ. ಇಳಿಜಾರಿನಲ್ಲಿ ಮೆಟ್ಟಿಲು ಎಷ್ಟು ಆಳ ಎಂದು ಕಾಲಿಗೆ ತಿಳಿಯುವುದಿಲ್ಲ, ಎರಡು ಸಲ ಬಿದ್ದೆ. ಬೋರರ್ ನೋಡಲು ಈಗ ಯಾರೂ ಕರೆಯುವುದಿಲ್ಲ. ನನ್ನ ಸ್ವಂತ ಗಿಡಗಳ ಮುಂದೆ ಎಲ್ಲರ ಹಾಗೆ ಮಂಡಿಯೂರಿ ಕೂತು, ಕಾಂಡ ಸವರಿ ಉಬ್ಬು ಹುಡುಕುತ್ತೇನೆ. ಸಿಗುತ್ತದೆ. ತಡವಾಗಿ ಸಿಗುತ್ತದೆ.

ಈ ವರ್ಷದ ಹೂವಿನ ಹೊತ್ತಿಗೆ ಹನ್ನೆರಡೂವರೆಯಲ್ಲಿದ್ದೆ, ಜೊತೆಗೆ ವಾರಕ್ಕೊಂದು ಇಂಜೆಕ್ಷನ್. ತೋಟ ಅರಳಿದ ದಿನ ತಲೆ ನೋಯಿತು. ಶಾರದೆಗೂ ನೋಯಿತು, ಮಂಜಪ್ಪನಿಗೂ ನೋಯಿತು. ನಾನು ಅದೇ ಬಂಡೆ ಹತ್ತಿ ಫೋನ್ ಮಾಡಿದೆ. ಮೂಡಿಗೆರೆಗೆ ಹೋಗಿ ರಕ್ತ ಕೊಟ್ಟೆ. ಸಂಜೆಗೆ ಡಾಕ್ಟರೇ ಕರೆ ಮಾಡಿದರು: "ರಿಪೋರ್ಟ್ ಸರಿ ಉಂಟು. ಹೂವಿಂದೇ ಇರ್ಬೇಕು." ಸುಮ್ಮನೆ ತೊಂದರೆ ಕೊಟ್ಟೆ ಎಂದರೆ, "ಹೀಗೇ ತೊಂದ್ರೆ ಕೊಡ್ತಾ ಇರಿ" ಎಂದರು. ನಿಮ್ಮಲ್ಲಿ ಯಾರಾದರೂ ಈ ಇಳಿಜಾರಿನಲ್ಲಿ ಇದ್ದರೆ, ಹತ್ತರಲ್ಲೋ ಏಳೂವರೆಯಲ್ಲೋ, ನನಗೆ ಹೇಳಲು ಇರುವುದು ಇಷ್ಟೇ. ಹೂವು ಇರಬಹುದು. ಕೇಳಿ ಬಿಡಿ. ಅದೇ ದಿನ.

ನಂಬಿದಿರೋ? ನಂಬಿದ್ದೀರಿ, ನನಗೆ ಗೊತ್ತು. ಮಂಗಗಳಿಂದ ಮೀಸೆಯವರೆಗೆ ಎಲ್ಲ ನಿಜ. ಒಂದನ್ನು ಬಿಟ್ಟು.

ಆ ಕಿಟಕಿಯ ಬೆಳಕು ನಾನು ಕಟ್ಟಿದ್ದು. ಎಡಗಣ್ಣಿನಲ್ಲಿ ಅವತ್ತು ಏನೂ ಕಾಣಲಿಲ್ಲ, ಇವತ್ತೂ ಕಾಣುವುದಿಲ್ಲ. ಡಾಕ್ಟರಿಗೆ ಗೊತ್ತು, ನಾನೇ ಅವರ ಬಾಯಿ ಕಟ್ಟಿಸಿದ್ದೇನೆ. ಶಾರದೆ ದಿನಾ ಬೆಳಿಗ್ಗೆ ಕಾಫಿ ಲೋಟವನ್ನು ನನ್ನ ಎಡಗಡೆಯೇ ಇಡುತ್ತಾಳೆ, ಆ ಕಣ್ಣಿಗೆ ಅಭ್ಯಾಸವಾಗಲಿ ಎಂದು. ಲೋಟ ಕಲ್ಲಿಗೆ ತಾಗುವ ಸದ್ದಿನ ಮೇಲೆ ಕೈ ಹಾಕಿ ತೆಗೆದುಕೊಳ್ಳುತ್ತೇನೆ. ಅವಳು ದೊಡ್ಡದೊಂದು ಉಸಿರು ಬಿಟ್ಟು ಒಳಗೆ ಹೋಗುತ್ತಾಳೆ. ಮುಚ್ಚಿಡಬೇಡಿ ಎಂದು ನಿಮಗೆ ಇಷ್ಟುದ್ದ ಬರೆದ ಮೇಲೆ ಇದೊಂದನ್ನು ನಾನು ಇಟ್ಟುಕೊಳ್ಳುವಂತಿಲ್ಲ. ನಿಮಗೆ ಕಳಿಸುವ ಮೊದಲು ಇವತ್ತು ಮಧ್ಯಾಹ್ನ ಅವಳನ್ನು ಕೂರಿಸಿಕೊಂಡು ಇದನ್ನು ಪೂರ್ತಿ ಓದಿ ಹೇಳುತ್ತೇನೆ. ನಾಳೆ ಬೆಳಿಗ್ಗೆ ಅವಳು ಲೋಟ ಯಾವ ಕಡೆ ಇಡುತ್ತಾಳೋ, ನೋಡಬೇಕು.